ಖಾಲಿ ಅಡುಗೆಮನೆಯ ನಾಲ್ಕು ನಿಮಿಷ

ಅಡುಗೆಮನೆಯಲ್ಲಿ ಶೂಟಿಂಗ್ ಮಾಡುವುದು ಎಂಥ ಪಡಿಪಾಟಲು ಎಂದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲೇ. ಮುಂಬೈಯ ಸಯನ್‌ನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು. ಟ್ರೈಪಾಡಿನ ಕಾಲು ಬಿಚ್ಚಿದರೆ ಮನುಷ್ಯರು ಕಾಲಿಡಲು ಜಾಗವಿಲ್ಲ. ಟ್ಯೂಬ್‌ಲೈಟು ಕ್ಯಾಮೆರಾದಲ್ಲಿ ಮಿಣುಕುತ್ತಿತ್ತು. ಶಟರ್ ವೇಗವನ್ನು ಐವತ್ತಕ್ಕೆ ಇಳಿಸಿದ ಮೇಲೆ ಸುಮ್ಮನಾಯಿತು. ಎಕ್ಸಾಸ್ಟ್ ಫ್ಯಾನು ಹಾಕಿದರೆ ಮಾತು ಕೇಳಿಸದು, ಆರಿಸಿದರೆ ಲೆನ್ಸಿನ ಮೇಲೆ ಹಬೆ. ಯಾರಾದರೂ ಒಂದು ಒಳ್ಳೆಯ ಮಾತಿಗೆ ಬಾಯಿ ತೆರೆದರೆ ಸಾಕು, ಕುಕ್ಕರು ಹೊಂಚು ಹಾಕಿ ಕೂತಿದ್ದಂತೆ ಕೂಗುತ್ತಿತ್ತು.

ನಾನಾಗ ಯುರೋಪಿನ ಒಂದು ಚಿಕ್ಕ ಊರಿನಲ್ಲಿ ಸಾಕ್ಷ್ಯಚಿತ್ರ ನಿರ್ಮಾಣ ಓದುತ್ತಿದ್ದೆ. ಎರಡನೇ ವರ್ಷದ ಕೊನೆಗೆ ಪ್ರತಿಯೊಬ್ಬರೂ ಇಪ್ಪತ್ತೈದು ನಿಮಿಷದೊಳಗಿನ ಒಂದು ಚಿತ್ರ ಒಪ್ಪಿಸಬೇಕು. ಅದು ಪಾಸಾದರೆ ಮಾತ್ರ ಪದವಿ. ಸಹಪಾಠಿಗಳು ವಿಷಯ ಹುಡುಕಿಕೊಂಡು ಬೆಟ್ಟ, ಜೈಲು, ಗಡಿ ಅಂತ ಅಲೆಯುತ್ತಿದ್ದರು. ನಾನು ಮಾತ್ರ ಕೂತಲ್ಲೇ ಹುಡುಕಿಕೊಂಡೆ: ಮುಂಬೈಯಲ್ಲಿ ನಮ್ಮ ಮನೆಗೆ ಚಪಾತಿ ಮಾಡಲು ಬರುವ ಹೆಂಗಸು. ವಿಜಯಪುರದ ಕಡೆಯವಳು. ನಮ್ಮ ಬಿಲ್ಡಿಂಗು, ಎದುರಿನ ಬಿಲ್ಡಿಂಗು ಸೇರಿ ದಿನಕ್ಕೆ ಐದು ಕನ್ನಡದ ಮನೆಗಳಲ್ಲಿ ಹಿಟ್ಟು ಕಲಸುತ್ತಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು; ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳು ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಅಕ್ಕ ಆದ ಮಾತ್ರಕ್ಕೆ ಸರಿಸಮ ಆದೆವು ಎಂದು ನಾನು ನಂಬಿದ್ದೆ.

ಮೂರು ವಾರದ ರಜೆಯಲ್ಲಿ ಬಂದು ಶೂಟ್ ಮುಗಿಸಬೇಕಿತ್ತು. ಮೊದಲ ಕೆಲಸ ಒಪ್ಪಿಗೆ ಪತ್ರ. ಕಾಲೇಜಿನವರು ಕೊಟ್ಟ ನಾಲ್ಕು ಪುಟವನ್ನು ನಾನೇ ಕನ್ನಡ ಮಾಡಿದೆ. 'ಚಿತ್ರೀಕರಣದ ಅವಧಿಯಲ್ಲಿ ಮುದ್ರಿತವಾದ ಸಕಲ ದೃಶ್ಯ ಹಾಗೂ ಧ್ವನಿಯನ್ನು ಬಳಸಿಕೊಳ್ಳಲು' ಎಂಬಂಥ ಕನ್ನಡ. ಮೈಸೂರಿನಲ್ಲಿ ಮೇಷ್ಟರಾಗಿದ್ದ ನನ್ನ ತಾತ ಓದಿದ್ದರೆ ಬೆನ್ನು ತಟ್ಟುತ್ತಿದ್ದರು. ಅಕ್ಕ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಗೋಡೆಗೆ ಒರಗಿ, ಕಣ್ಣು ಕಿರಿದು ಮಾಡಿಕೊಂಡು ಒಂದು ಸಾಲು ಓದಿದಳು. ಆಮೇಲೆ ಕಾಗದ ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಇದನ್ನ ಇಲ್ಲಿ ಯಾರರ ನೋಡ್ತಾರೇನ್ರಿ ಅಕ್ಕಾರ?"

"ಇಲ್ಲಕ್ಕ, ಅಲ್ಲಿ ಮಾತ್ರ. ಪರೀಕ್ಷೆಗೆ ಅಷ್ಟೆ."

"ಅಲ್ಲಿ ಮಂದಿಗೆ ನಮ್ಮ ಮಾತು ತಿಳೀತದೇನು?"

"ಅಲ್ಲಿ ಯಾರಿಗೂ ಕನ್ನಡ ಬರಲ್ಲಕ್ಕ."

"ಹಂಗಾರ ಚಲೋ ಆತು ಬಿಡ್ರಿ," ಅಂದು ನಕ್ಕು ಸಹಿ ಮಾಡಿದಳು. ಅಕ್ಷರ ಒಂದೊಂದಾಗಿ, ದುಂಡಗೆ. ಆ ನಾಲ್ಕು ಪುಟದಲ್ಲಿ ಅವಳು ಓದಿದ್ದು ಒಂದು ಸಾಲು, ನಂಬಿದ್ದು ನನ್ನ ಬಾಯಿಮಾತನ್ನು.

ಮೊದಲ ಎರಡು ದಿನ ಏನೂ ಸಿಗಲಿಲ್ಲ. ಕ್ಯಾಮೆರಾ ಕಂಡೊಡನೆ ಅಕ್ಕ ಸೆರಗು ಸರಿ ಮಾಡಿಕೊಂಡು ಲಟ್ಟಣಿಗೆ ಹಿಡಿದು ಫೋಟೋಕ್ಕೆ ನಿಂತಂತೆ ನಿಲ್ಲುತ್ತಿದ್ದಳು. ಅಮ್ಮನೋ, ಕ್ಯಾಮೆರಾ ತಮ್ಮ ಕಡೆ ತಿರುಗಲಿ ಅಂತ ಕಾಯುತ್ತಿದ್ದರು. ಎರಡನೇ ದಿನ ತಿರುಗಿಸಿದೆ. ಈಕೆಯನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಏನೇನು ಕೇಳಿದಿರಿ ಅಂದೆ.

"ಏನು ಕೇಳೋದು? ಕೈ ಶುದ್ಧವಾಗಿರ್ಬೇಕು, ಟೈಮಿಗೆ ಬರ್ಬೇಕು, ಅಷ್ಟೆ. ನಾನು ಬೇರೇದೆಲ್ಲ ನೋಡೋಳಲ್ಲಪ್ಪ. ಇವಳು ನಮ್ಮನೆಯವಳ ಥರಾನೇ," ಅಂದರು ಅಮ್ಮ. ಅಕ್ಕ ಹಿಂದೆ ಚಪಾತಿ ಮಗುಚುತ್ತಿದ್ದಳು. ಫ್ರೇಮು ಬಹಳ ಚೆನ್ನಾಗಿ ಬಂತು.

ಅಮ್ಮ ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ, ನಾನು ಶಾಲೆಯಲ್ಲಿದ್ದಾಗ, ಅವಳನ್ನು ಇಟ್ಟುಕೊಂಡದ್ದು ನನ್ನ ಕಣ್ಣೆದುರಿಗೇ. ನಮ್ಮವರು ಜಾತಿಯನ್ನು ಬಾಯಿಬಿಟ್ಟು ಕೇಳುವಷ್ಟು ಒರಟರಲ್ಲ. ಮೊದಲು, ಯಾವ ಕಡೆಯವರು? ಆಮೇಲೆ, ನಿಮ್ಮಲ್ಲಿ ಮಾಂಸ ಗೀಂಸ ಉಂಟಾ? ಕೊನೆಗೆ, ಮನೆದೇವರು ಯಾವುದು? ಮೂರೂ ಪ್ರಶ್ನೆ ಹಬ್ಬದ ದಿನ ಕುಶಲ ಕೇಳಿದಷ್ಟು ಮೃದುವಾಗಿ. ಮೂರಕ್ಕೂ ಅಕ್ಕ ಥಟ್ಟನೆ ಉತ್ತರ ಕೊಟ್ಟಿದ್ದಳು. ತಾನು ಗೌಡರ ಓಣಿಯವಳು ಅಂದಿದ್ದಳು. ಮರುದಿನವೇ ಹಿಟ್ಟಿನ ಡಬ್ಬಿ ಅವಳ ಕೈಗೆ ಬಂತು.

ಮೂರನೆಯ ದಿನ ಅವಳಿಗೆ ರೇಡಿಯೋ ಮೈಕು ಹಾಕಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವನ್ನು ನೆರಿಗೆಯ ಮರೆಯಲ್ಲಿ ಸೊಂಟಕ್ಕೆ ಸಿಕ್ಕಿಸಿ, ತಂತಿಯನ್ನು ಸೆರಗಿನ ಒಳಗಿಂದ ತಂದು ಮೈಕನ್ನು ಎದೆಯ ಹತ್ತಿರ ಕಚ್ಚಿಸಬೇಕು. ಒಂದು ಗಂಟೆ ಕಳೆಯುವುದರೊಳಗೆ ಅವಳಿಗೆ ಅದು ಮರೆತೇ ಹೋಯಿತು. ನನಗೆ ಬೇಕಿದ್ದದ್ದೂ ಅದೇ. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಅವಳ ಊರಿನ ಇನ್ನೊಬ್ಬ ಹೆಂಗಸು ಬಂದು ನಿಂತಳು. ಆಕೆಗೂ ಎಲ್ಲಾದರೂ ಚಪಾತಿ ಕೆಲಸ ಬೇಕಿತ್ತು. ಅಕ್ಕ ಕಲಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, "ಐದು ಮಿನಿಟ್ ರೀ," ಅಂತ ಹೇಳಿ ಮೆಟ್ಟಿಲ ಕಡೆ ಹೋದಳು. ಅಮ್ಮ ಹಾಲಿನಲ್ಲಿ ಟಿವಿ ನೋಡುತ್ತಿದ್ದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಓಡುತ್ತಲೇ ಇತ್ತು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಲೆನ್ಸ್ ಒರೆಸಲು ಬಟ್ಟೆ ಹುಡುಕುತ್ತಿದ್ದೆ.

ಹೆಡ್‌ಫೋನಿನಲ್ಲಿ ಅಕ್ಕನ ದನಿ ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸಿತು.

"ಹೆಸರು ಕೇಳಿದ್ರ ಹೆಸರು ಹೇಳು. ಮಂದಿ ಯಾರು ಅಂದ್ರ ನನ್ನ ಮಂದಿನ ಅನ್ನು. ನಾ ಇಲ್ಲಿ ಗೌಡ್ರ ಓಣಿಯಾಕಿ ಆಗೀನಿ, ತಿಳೀತಿಲ್ಲ? ಕೆಳಗೇರಿ ಹೆಸರು ತಗದೀ ಅಂದ್ರ ಹಿಟ್ಟಿನ ಡಬ್ಬಿ ಮುಟ್ಟಗೊಡಂಗಿಲ್ಲ, ಸಂಡಾಸ ತೊಳಿಯಾಕ ಹಚ್ತಾರ. ಎಂಟ ವರ್ಷ ಆತು ನನ್ನ ಕೈಯಾಗಿಂದ ಉಣ್ಣಾಕತ್ತು. ಯಾರರ ಸತ್ತಾರೇನು? ಯಾರ ಹೊಟ್ಟಿರ ಕೆಟ್ಟೈತೇನು? ದಪ್ಪ ದಪ್ಪ ಆಗ್ಯಾರ!"

ಇಬ್ಬರೂ ನಕ್ಕರು. ಆಮೇಲೆ ಅಕ್ಕ ಇನ್ನೊಂದು ಮಾತು ಅಂದಳು: "ಒಂದೊಂದಿನ ಅನಸ್ತೈತವ್ವಾ, ಅವರ ಮುಂದ ನಿಂತು ಹೇಳಿಬಿಡಬೇಕು ಅಂತ. ಉಂಡ ಮ್ಯಾಗ ಹೇಳಬೇಕು."

ನಾನು ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು. ಕೈಗೆಟಕುವ ದೂರದಲ್ಲೇ ಗುಂಡಿ ಇತ್ತು. ನಾನು ನಿಲ್ಲಿಸಲಿಲ್ಲ. ಸದ್ದಿನ ಮಟ್ಟ ತೋರಿಸುವ ಪಟ್ಟಿ ನೋಡಿದೆ, ಕೆಂಪಿಗೆ ಹೋಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಆ ಕ್ಷಣದಲ್ಲಿ ನನಗೆ ನಾಚಿಕೆ ಆಗಲಿಲ್ಲ. ಸಂತೋಷ ಆಯಿತು. ಇದನ್ನು ಬರೆಯುವಾಗ ಆಗುತ್ತಿರುವ ನಾಚಿಕೆಯನ್ನು ಅಲ್ಲಿಗೆ ಒಯ್ದು ಅಂಟಿಸುವುದಿಲ್ಲ.

ಅವಳು ವಾಪಸು ಬಂದಾಗ ನಾನು ಏನೂ ಹೇಳಲಿಲ್ಲ. ಉಳಿದ ದಿನಗಳಲ್ಲೂ ಹೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಸಹಿಯಂತೂ ಇತ್ತಲ್ಲ.

ಕಾಲೇಜಿಗೆ ಮರಳಿ ಎಡಿಟಿಂಗ್‌ಗೆ ಕೂತೆ. ನಾಲ್ಕು ನಿಮಿಷದ ಆ ತುಣುಕಿನಲ್ಲಿ ಚಿತ್ರದ ಮಟ್ಟಿಗೆ ಏನೂ ಇಲ್ಲ. ಖಾಲಿ ಅಡುಗೆಮನೆ, ಒಲೆಯ ಮೇಲೆ ಕಾಯುತ್ತಿರುವ ಹಂಚು, ಒದ್ದೆ ಬಟ್ಟೆಯಡಿ ಹಿಟ್ಟು, ಯಾರೂ ಇಲ್ಲ. ಅದರ ಮೇಲೆ ಆ ದನಿ. ನನ್ನ ಮಾರ್ಗದರ್ಶಕಿ, ಅರವತ್ತರ ಆಸುಪಾಸಿನ ಹೆಂಗಸು, ಯಾರ ಕೆಲಸವನ್ನೂ ಸುಲಭವಾಗಿ ಹೊಗಳುವವರಲ್ಲ. ಎರಡು ಸಲ ನೋಡಿ ಕನ್ನಡಕ ತೆಗೆದರು. "ನಿನ್ನ ಚಿತ್ರ ಇದೇ. ಉಳಿದದ್ದೆಲ್ಲ ಇದಕ್ಕೆ ದಾರಿ," ಅಂದರು. ಆಮೇಲೆ ಕೇಳಿದರು, "ಇದು ರೆಕಾರ್ಡ್ ಆಗಿದೆ ಅಂತ ಆಕೆಗೆ ಗೊತ್ತಿದೆಯೇ?"

"ಒಪ್ಪಿಗೆ ಪತ್ರ ಇದೆ," ಅಂದೆ. ಅದು ಅವರು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ಅವರು ಒಂದು ಗಳಿಗೆ ನೋಡಿ ತಲೆಯಾಡಿಸಿದರು.

ಸಬ್‌ಟೈಟಲ್ ಬರೆಯಲು ಎರಡು ವಾರ ಹಿಡಿಯಿತು. ತೆರೆಯ ಮೇಲೆ ಒಂದು ಸಲಕ್ಕೆ ಎರಡೇ ಸಾಲು. ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು. ಅಕ್ಕ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಆರು ತುಂಡು ಮಾಡಿದೆ. 'ಕೆಳಗೇರಿ' ಎಂಬ ಒಂದು ಪದಕ್ಕೆ ಒಂದು ಇಡೀ ದಿನ ಕೂತೆ. ಕಡೆಗೆ, ಊರಿನವರು ಮುಟ್ಟದ ಜನರ ಬೀದಿ, ಎಂದು ಬಿಡಿಸಿ ಬರೆದೆ. ಕಾಲೇಜಿನಲ್ಲಿ ಒಂದು ನಿಯಮವಿತ್ತು: ಅಧ್ಯಾಪಕರಿಗೆ ಬಾರದ ಭಾಷೆಯ ಚಿತ್ರವಾದರೆ, ಆ ಭಾಷೆ ಬಲ್ಲ ಇನ್ನೊಬ್ಬರು ಅನುವಾದ ಪರಿಶೀಲಿಸಿ ಸಹಿ ಹಾಕಬೇಕು. ಆ ಚಿಕ್ಕ ಊರಿನಲ್ಲಿ ಕನ್ನಡದವರ ಮನೆ ಒಂದೇ ಒಂದಿತ್ತು. ಗಂಡ ಇಂಜಿನಿಯರು, ಆಂಟಿ ಮಾಟುಂಗದಲ್ಲಿ ಹುಟ್ಟಿ ಬೆಳೆದವರು. ಹಬ್ಬಕ್ಕೆ ನನ್ನನ್ನು ಕರೆದು ಬಿಸಿಬೇಳೆಬಾತು ಬಡಿಸುತ್ತಿದ್ದವರು. ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟವಳು, ಕನ್ನಡ ಬರುವವರ ಮನೆಯ ಬಾಗಿಲನ್ನು ಲ್ಯಾಪ್‌ಟಾಪ್ ಸಮೇತ ಹುಡುಕಿಕೊಂಡು ಹೋಗಿ ತಟ್ಟಿದೆ. ನನಗೆ ಆ ಹೊತ್ತಿನಲ್ಲಿ ಆ ಮಾತು ನೆನಪಿಗೇ ಬರಲಿಲ್ಲ ಅಂದರೆ ಯಾರೂ ನಂಬಲಿಕ್ಕಿಲ್ಲ. ನಾಲ್ಕು ಜನ ಕನ್ನಡ ತಿಳಿದವರು ನನ್ನ ಚಿತ್ರ ನೋಡಿ ಭೇಷ್ ಅನ್ನಲಿ ಎಂಬ ಆಸೆಯೊಂದೇ ಇತ್ತು.

ಆಂಟಿ ಶ್ರದ್ಧೆಯಿಂದ ನೋಡಿದರು. ಸಾಲು ಸಾಲಿಗೂ ನಿಲ್ಲಿಸಿ, ಎರಡು ಕಡೆ ನನ್ನ ತಪ್ಪು ತಿದ್ದಿದರು. ಖಾಲಿ ಅಡುಗೆಮನೆ ಬಂದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಇವಳನ್ನ ನಾನು ನೋಡಿದೀನಿ ಕಣೇ. ನಮ್ಮಕ್ಕ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಓಡಾಡ್ತಿರ್ತಾಳೆ. ಅವರಿರೋದು ನಿಮ್ಮ ಎದುರು ಬಿಲ್ಡಿಂಗಲ್ಲೇ ಅಲ್ವಾ?"

ನಾನು ಚಿತ್ರ ನಿಲ್ಲಿಸಿದೆ. "ಆಂಟಿ, ದಯವಿಟ್ಟು ಇದನ್ನ ಯಾರಿಗೂ..." ಅಂದೆ.

"ಅಯ್ಯೋ, ನಾನ್ಯಾಕೆ ಹೇಳ್ಲಿ? ನಾವು ಅಂಥವರಾ?" ಅಂದರು. ಪರಿಶೀಲನೆ ಪತ್ರಕ್ಕೆ ಸಹಿ ಹಾಕಿ, ಡಬ್ಬಿಯಲ್ಲಿ ಕೋಡುಬಳೆ ಕಟ್ಟಿಕೊಟ್ಟರು.

ನಾಲ್ಕನೇ ದಿನ ಬೆಳಿಗ್ಗೆ ಅಮ್ಮನ ಫೋನು. "ನಿನಗೆ ಮುಂಚೇನೇ ಗೊತ್ತಿತ್ತಾ?"

ಯಾರು ಹೇಳಿದರು ಅಂದೆ.

"ಎದುರು ಬಿಲ್ಡಿಂಗಿನವರು ಬಂದು ಹೇಳೋವರ್ಗೂ ನನಗೆ ಗೊತ್ತಿಲ್ಲ. ನಾಚಿಕೆ ಆಯ್ತು. ನನಗೇನಿಲ್ಲಮ್ಮ, ನಾನು ಅದೆಲ್ಲ ನೋಡೋಳಲ್ಲ, ನಿನಗೇ ಗೊತ್ತು. ಆದ್ರೆ ಸುಳ್ಳು ಹೇಳಿದ್ಲಲ್ಲ? ಅದು ತಪ್ಪಲ್ವಾ? ನಂಬಿಕೆ ಅಂತ ಒಂದು ಇರುತ್ತಲ್ವಾ?"

"ಈಗ ಏನ್ ಮಾಡಿದೆ ಅಮ್ಮ?"

"ಏನ್ ಮಾಡೋದು? ನಾವು ಸ್ವಲ್ಪ ದಿನ ಊರಿಗೆ ಹೋಗ್ತೀವಿ, ಆಮೇಲೆ ಹೇಳ್ತೀನಿ ಅಂದೆ. ಜಗಳ ಗಿಗಳ ಏನಿಲ್ಲ. ಚೆನ್ನಾಗೇ ಮಾತಾಡಿ ಕಳಿಸ್ದೆ." ಫೋನಿಡುವ ಮುಂಚೆ, "ಡಬ್ಬಿಗಳನ್ನೆಲ್ಲ ಇವತ್ತು ತೊಳೆಸ್ತಿದೀನಿ. ಹುಳ ಬಿದ್ದಿತ್ತು," ಅಂದರು. ಹುಳ ಬಿದ್ದಿರಲಿಲ್ಲ. ಆ ವಾರ ಮುಗಿಯುವುದರೊಳಗೆ ಐದಕ್ಕೆ ಐದೂ ಮನೆಯವರು ಊರಿಗೆ ಹೋಗುವವರಾದರು. ಒಬ್ಬರೂ ಸಯನ್ ಬಿಟ್ಟು ಕದಲಲಿಲ್ಲ.

ಅಕ್ಕನಿಗೆ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಇದು ಸತ್ಯ, ಇದಕ್ಕೆ ಬೇರೆ ಬಣ್ಣ ಬೇಡ. ಮಾಡಿದ ತಪ್ಪನ್ನು ಅಲ್ಲಿದ್ದುಕೊಂಡೇ ಸರಿಮಾಡಿಬಿಡುತ್ತೇನೆ ಅಂದುಕೊಂಡೆ. ಒಪ್ಪಿಸಲು ಹನ್ನೊಂದು ದಿನ ಉಳಿದಿತ್ತು. ಕಾಲೇಜಿನ ನಿಯಮದ ಪ್ರಕಾರ ಚಿತ್ರದಲ್ಲಿ ಭಾಗವಹಿಸಿದವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬಹುದು. ಆಗ ಆ ಭಾಗದ ಮೂಲ ರೆಕಾರ್ಡಿಂಗನ್ನೂ ಎಲ್ಲ ಪ್ರತಿಗಳನ್ನೂ ತಂತ್ರಜ್ಞರ ಎದುರಿಗೇ ನಾಶ ಮಾಡಬೇಕು. ಇದಕ್ಕೂ ಒಂದು ಪತ್ರ ಇತ್ತು. ಭಾಗವಹಿಸಿದವರ ಸಹಿ ಎಂದಿದ್ದ ಜಾಗದಲ್ಲಿ, ಅವರ ಪರವಾಗಿ, ಅಂತ ಬರೆದು ನನ್ನ ಸಹಿ ಹಾಕಿದೆ.

ಮಾರ್ಗದರ್ಶಕಿಗೆ ಸಿಟ್ಟು ಬಂತು. "ಹಿಂತೆಗೆದುಕೊಳ್ಳುತ್ತೇನೆ ಅಂತ ಆಕೆ ನಿನಗೆ ಹೇಳಿದಳೇ?"

"ಹೌದು," ಅಂದೆ. ಅದು ನಾನು ಕಾಲೇಜಿನಲ್ಲಿ ಹೇಳಿದ ಅಚ್ಚ ಸುಳ್ಳು.

ಎರಡು ಹಾರ್ಡ್‌ಡಿಸ್ಕು, ಕಾಲೇಜಿನ ಸರ್ವರು, ಮೂರೂ ಕಡೆಯಿಂದ ಆ ನಾಲ್ಕು ನಿಮಿಷ ಹೋಯಿತು. ಅಳಿಸಿದ ಜಾಗದ ಮೇಲೆ ಯಂತ್ರ ಬೇರೇನೋ ತುಂಬಿ ಮತ್ತೆ ಅಳಿಸಿತು, ಯಾರಿಂದಲೂ ಮರಳಿ ಪಡೆಯಲಾಗದ ಹಾಗೆ. ಅರ್ಧ ಗಂಟೆಯ ಕೆಲಸ. ಪರದೆಯ ಮೇಲೆ ಪಟ್ಟಿ ತುಂಬುತ್ತಾ ಬರುವುದನ್ನು ನೋಡುತ್ತಾ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಪದವಿ ಕೈತಪ್ಪಿದರೂ ಸರಿ, ನ್ಯಾಯ ಮಾಡಿದೆ ಅಂದುಕೊಂಡೆ.

ಪದವಿ ಕೈತಪ್ಪಲಿಲ್ಲ. ಆ ತುಣುಕಿಗೆ ದಾರಿ ಮಾಡುತ್ತಿದ್ದ ಉಳಿದ ಭಾಗಗಳೂ ಸೊರಗಿ, ಚಿತ್ರ ಹತ್ತೊಂಬತ್ತು ನಿಮಿಷಕ್ಕೆ ಇಳಿಯಿತು. ಅಂತ್ಯಕ್ಕೆ ಏನೂ ಇರಲಿಲ್ಲವಾದ್ದರಿಂದ ಅಮ್ಮನ ಮಾತನ್ನು ಅಲ್ಲಿಗೆ ತಂದೆ. ಹೊಗೆಯಾಡುವ ಹಂಚು, ಅಕ್ಕನ ಬೆನ್ನು, ಎದುರಿಗೆ ಅಮ್ಮ ನಗುತ್ತಾ, ಇವಳು ನಮ್ಮನೆಯವಳ ಥರಾನೇ. ನೋಡಲು ಅಂದವಾಗಿದೆ, ಹೇಳುವುದು ಏನೂ ಇಲ್ಲ, ಎಂದು ಪರೀಕ್ಷಕರು ಬರೆದರು. ಪಾಸು ಮಾಡಿದರು.

ಮುಂಬೈಗೆ ವಾಪಸು ಬಂದ ಮೂರನೇ ದಿನ ಅಕ್ಕನಿಗೆ ಫೋನ್ ಮಾಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಬೈಕುಲ್ಲಾಕ ಬರ್ರಿ, ಮಧ್ಯಾನ ಊಟದ ಟೈಮಿಗಿ," ಅಂದಳು, ಅಷ್ಟೇ.

ಸಯನ್‌ನಿಂದ ಲೋಕಲ್‌ನಲ್ಲಿ ಹೋದೆ. ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಹೊಟೇಲುಗಳಿಗೆ ಬೆಳ್ಳುಳ್ಳಿ ಸುಲಿದು ಕಳಿಸುವ ಒಂದು ಗಾಲಾ, ಅಂದರೆ ಶಟರ್ ಹಾಕಿದ ಒಂದೇ ಕೋಣೆ. ಏಳೆಂಟು ಹೆಂಗಸರು ನೆಲದ ಮೇಲೆ ಕೂತಿದ್ದರು. ಬೆಳ್ಳುಳ್ಳಿಯ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದೇನೆ ಅಂತ ಯಾರೂ ತಿಳಿದುಕೊಳ್ಳಬಾರದು ಎಂದು ಒರೆಸಿಕೊಂಡೆ. ಅಕ್ಕನ ಬೆರಳ ತುದಿಗಳ ಚರ್ಮ ಸುಲಿದು ಕೆಂಪಾಗಿತ್ತು. ಡಬ್ಬಿ ಮುಚ್ಚಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ತಪ್ಪಾಯ್ತಕ್ಕ. ನನ್ನಿಂದಲೇ ಆದದ್ದು," ಅಂದು ಎಲ್ಲವನ್ನೂ ಹೇಳಿದೆ. ಮೈಕು, ಆಂಟಿ, ಫೋನು.

"ಗೊತ್ತೈತ್ರಿ," ಅಂದಳು ಕಡೆಗೆ. "ಅಮ್ಮಾರು ಊರಿಗೆ ಹೊಂಟೀವಿ ಅಂದಾಗನ ತಿಳೀತು. ಎಂಟ ವರ್ಷದಾಗ ಒಮ್ಮೆರ ನನಗ 'ಹೋಗಿ ಬರ್ತೀವಿ' ಅಂತ ಹೇಳಿ ಹೋಗ್ಯಾರೇನು? ಕೀಲಿ ವಾಚ್‌ಮನ್‌ಗ ಕೊಟ್ಟು ಹೋಗವ್ರು." ಕೈಯನ್ನು ಸೆರಗಿಗೆ ಒರೆಸಿಕೊಂಡು, "ಪಿಚ್ಚರ್ ತಂದೀರೇನು? ತೋರಸ್ರಿ," ಅಂದಳು.

ಫೋನಿನಲ್ಲಿ ಹಚ್ಚಿಕೊಟ್ಟೆ. ಪಕ್ಕದ ಹೆಂಗಸರೂ ಬಗ್ಗಿ ನೋಡಿದರು. "ಏ, ಹೀರೋಯಿನ್ ಆಗೀಯಲ್ಲೇ!" ಅಂತ ಒಬ್ಬಳು ಭುಜಕ್ಕೆ ಹೊಡೆದಳು. ಅಕ್ಕ ಹತ್ತೊಂಬತ್ತು ನಿಮಿಷವೂ ಕಣ್ಣು ಮಿಟುಕಿಸದೆ ನೋಡಿದಳು. ಅಮ್ಮನ ಮಾತು ಬಂತು, ಹೆಸರುಗಳು ಉರುಳಿದವು, ಪರದೆ ಕಪ್ಪಾಯಿತು. ಅವಳು ಬೆರಳಿನ ಗೆಣ್ಣಿನಿಂದ ಪರದೆ ತಟ್ಟಿ ನೋಡಿದಳು.

"ಅದು ಎಲ್ಲೈತ್ರಿ?"

"ಯಾವುದು ಅಕ್ಕ?"

"ಮೆಟ್ಟಲ ಮ್ಯಾಗ ನಾ ಅಂದದ್ದು."

"ಅದನ್ನ ತೆಗೆದುಬಿಟ್ಟೆ ಅಕ್ಕ. ನಿಮಗೆ ತೊಂದರೆ ಆಗಬಾರದು ಅಂತ."

ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತು ಎಂದರೆ, ಹಿಟ್ಟಿಗೆ ಉಪ್ಪು ಹಾಕಿದ್ದೀಯಾ ಅಂತ ಅಮ್ಮ ಮೂರನೇ ಸಲ ಕೇಳಿದಾಗ ನೋಡುತ್ತಿದ್ದ ಹಾಗೆ. ಸಿಟ್ಟೂ ಅಲ್ಲ, ದುಃಖವೂ ಅಲ್ಲ.

"ತೊಂದರಿ ಆಗಿ ಹೋತಲ್ರಿ. ಎಲ್ಲಾರೂ ಕೇಳ್ಯಾರ. ನೀವ್ ಕೇಳೀರಿ, ಅಲ್ಲಿ ನಿಮ್ಮ ಆಂಟಿ ಕೇಳ್ಯಾರ, ಐದೂ ಮನ್ಯಾಗ ಕೇಳ್ಯಾರ. ಅದ ಒಂದು ಮಾತಿಗೆ ನನ್ನ ಕೆಲಸ ಹೋತು. ಅಮ್ಮಾರ ಮಾತು ಇಟ್ಟೀರಿ. ನನ್ನ ಮಾತು ತಗದೀರಿ."

ಫೋನಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಈಗರ ಹಚ್ಚರಿ ಅದನ್ನ," ಅಂದಳು. "ಅವರ ಮುಂದ ನಿಂತು ಹೇಳಬೇಕು ಅಂತಿತ್ತು, ಆಗ್ಲಿಲ್ಲ. ಪಿಚ್ಚರ್‌ದಾಗರ ಇರ್ಲಿ. ನೋಡ್ಲಿ ಎಲ್ಲಾರೂ. ಈಗ ನನಗ ಯಾರ ಅಂಜಿಕಿ ಐತಿ?"

"ಇಲ್ಲಕ್ಕ. ಅದು ಎಲ್ಲೂ ಇಲ್ಲ. ಪೂರ್ತಿ ಅಳಿಸಿಬಿಟ್ಟಿದ್ದೀನಿ."

"ಯಾರನ್ನ ಕೇಳಿ ಅಳಿಸಿದ್ರಿ?"

ಪತ್ರದ ವಿಷಯ ನಾಲಿಗೆಯ ತುದಿಗೆ ಬಂತು. ನಿಮ್ಮ ಪರವಾಗಿ ನಾನೇ ಸಹಿ ಹಾಕಿದೆ ಅಂತ ಆ ಹೆಂಗಸರ ನಡುವೆ ಕೂತು ಹೇಳಲು ಆಗಲಿಲ್ಲ. ಅಕ್ಕ ಉತ್ತರಕ್ಕೆ ಕಾಯಲೂ ಇಲ್ಲ. ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, ಬೆಳ್ಳುಳ್ಳಿ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡಳು. "ಸೇಠ್ ಬರೂ ಹೊತ್ತಾತು. ನೀವು ನಡೀರಿ."

ನಾನು ಎದ್ದು ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. ಹಿಂದೆ ಯಾರೋ ಒಬ್ಬಳು, "ಯಾರವ್ವಾ ಆಕಿ?" ಅಂತ ಕೇಳಿದಳು.

"ಅಮ್ಮಾರ ಮಗಳು," ಅಂದಳು ಅಕ್ಕ.